ಶಾಸನವಾಚನದ ಸೊಗಸು

ಚಂಪೂಕಾವ್ಯಗಳ ಅಷ್ಟಾದಶವರ್ಣನೆಗಳನ್ನು ಓದಿ ಬೇಸತ್ತವರೂ ಸಹ, ಶಾಸನವೆಂದರೆ ಭೂದಾನದ ಲೆಕ್ಕವೆಂದು ಉಪೇಕ್ಷಿಸುತ್ತಿದ್ದುದುಂಟು. ೧೯೦೨ರಲ್ಲಿ ಬಿ. ಎಲ್. ರೈಸರು ಹಾಸನ ಜಿಲ್ಲೆಯ ಶಾಸನಸಂಪುಟವನ್ನು ಪ್ರಕಟಿಸಲು, ಅರಸೀಕೆರೆ, ಬೇಲೂರು, ಹಳೇಬೀಡುಗಳ ಕಲ್ಬರಹಗಳು ಮನೆಯಲ್ಲಿ ಕುಳಿತು ಓದತಕ್ಕ ಗ್ರಂಥವಾದುವು. ಓದಿದವರಿಗೆ ತಾವು ಬಲ್ಲ ಕಂದವೃತ್ತಗಳೇ ಅಲ್ಲಿ ದೊರೆತುವು. ೧೯೩೬ರಲ್ಲಿ ಡಾ. ಎಂ. ಎಚ್. ಕೃಷ್ಣರು ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನವನ್ನು ಬೆಳಕಿಗೆ ತಂದರು. ಸುಮಾರು ಕ್ರಿ. ಶ. ೪೫೦ರದೆನ್ನಲಾದ ಆ ಹದಿನಾರು ಪಂಕ್ತಿಗಳಲ್ಲಿ ಸಂಸ್ಕೃತಪದಗಳು ಹೇರಳವಾಗಿದ್ದರೂ ವಾಕ್ಯದ ನಡೆ ಕನ್ನಡದ್ದು.

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬಳಿಯ ಕಂಬದ ಶಾಸನವು ಇನ್ನೂ ಹೃದಯಂಗಮವಾದುದು. ಇಮ್ಮಡಿ ವೀರಬಲ್ಲಾಳನು ೧೨೨೦ರಲ್ಲಿ ತೀರಿಕೊಳ್ಳಲು, ದಂಡನಾಯಕ ಕುವರಲಕ್ಷ್ಮನು ಪತ್ನಿ ಸುಗ್ಗಲದೇವಿಯೊಡನೆಯೂ ತನ್ನ ವೀರರೊಡನೆಯೂ ಒಡೆಯನಿಗಾಗಿ ಪ್ರಾಣವನ್ನೊಪ್ಪಿಸಿದ ವೃತ್ತಾಂತವನ್ನು ಅದು ಹೇಳುವುದು. ಹೇಳುತ್ತ ಹೇಳುತ್ತ ನಡುವೆಯೇ ನಿಂತುಹೋಗಿರುವುದು. ಕಾವ್ಯದ ಕವಿಯು ಮಂಗಳ ಹಾಡಿ ವಾಚಕನನ್ನು ಕಳುಹಿಸಿಕೊಡುವನು. ಇಲ್ಲಿ ವಾಚಕನು ಅರ್ಧಕ್ಕೆ ನಿಂತ ಮಾತಿನೆದುರು ಒಬ್ಬನೇ ನಿಲ್ಲಬೇಕು. ಓದು ಸಾಕೆನಿಸಿದವರಿಗೆ, ಮುಂದೇನಾಯಿತೆಂಬ ಬಾಲ್ಯದ ಕುತೂಹಲವನ್ನು ಮರಳಿ ಕೊಡುವುದು ಇದೇ. ಊರೂರ ಶಾಸನಗಳನ್ನು, ಅಕ್ಷರಗಳು ಮಳೆಗಾಳಿಗೆ ಸವೆಯುವ ಮುನ್ನ, ಮನೆಮಕ್ಕಳೊಡನೆ ಒಮ್ಮೆಯಾದರೂ ಓದಿ ನೋಡತಕ್ಕದ್ದು.