ಗೇಮ್‌ನ ‘ಅಪರೂಪದ ಪಾತ್ರ’ ಲಿಂಕ್ ಒತ್ತಿದರೆ ಉಚಿತವಾಗಿ ಸಿಗುತ್ತದೆಯೇ?

“ಈ ಲಿಂಕ್ ಒತ್ತಿ, ಹತ್ತು ಗ್ರೂಪಿಗೆ ಕಳಿಸಿ, ಯಾರಿಗೂ ಸಿಗದ ಪಾತ್ರವನ್ನು ಉಚಿತವಾಗಿ ಪಡೆಯಿರಿ.” ಆನ್‌ಲೈನ್ ಗೇಮ್ ಆಡುವ ಮಕ್ಕಳಿರುವ ಮನೆಗಳಿಗೆ ಇಂಥ ಸಂದೇಶ ಹೊಸದಲ್ಲ. ವಿಜಯಪುರ ನಗರದ ಓಣಿಯಾಗಲಿ, ತಿಕೋಟಾದ ದ್ರಾಕ್ಷಿ ತೋಟದ ಮನೆಯಾಗಲಿ, ಬಬಲೇಶ್ವರದ ಹಳ್ಳಿಯಾಗಲಿ, ಎಷ್ಟೋ ಮಕ್ಕಳು ಆಡುವುದು ಅಪ್ಪ-ಅವ್ವನ ಫೋನಿನಲ್ಲಿ. ಯುಪಿಐ ಆ್ಯಪ್, ಬ್ಯಾಂಕಿನ ಒಟಿಪಿ ಬರುವುದೂ ಅದೇ ಫೋನಿಗೆ. ಆದ್ದರಿಂದ ಇದು ಬರೀ ಮಕ್ಕಳ ಆಟದ ಮಾತಲ್ಲ.

ಉತ್ತರ ಮೊದಲೇ ಹೇಳುತ್ತೇವೆ: ಸಿಗುವುದಿಲ್ಲ. ಯಾಕೆ ಎಂಬುದನ್ನು ನೋಡೋಣ.

ಪಾತ್ರಗಳಿಗೆ ಮಿತಿ ಯಾಕೆ?

ನಮ್ಮ ಕಡೆಯ ದೊಡ್ಡಾಟವನ್ನು ನೆನೆಸಿಕೊಳ್ಳಿ. ಎಲ್ಲರೂ ಭೀಮನ ವೇಷವನ್ನೇ ಕೇಳಿದರೆ ಆಟ ನಡೆಯುವುದಿಲ್ಲ. ಹಲವರು ಸೇರಿ ಆಡುವ ಪಾತ್ರಾಭಿನಯದ ಗೇಮ್‌ಗಳಲ್ಲೂ ಹೀಗೆಯೇ. ಎಲ್ಲರ ಕೈಯಲ್ಲೂ ಅತಿ ಬಲಶಾಲಿ ಪಾತ್ರವಿದ್ದರೆ ಉಳಿದ ಪಾತ್ರಗಳನ್ನು ಯಾರೂ ಆಡುವುದಿಲ್ಲ.

‘ಸ್ಟಾರ್ ವಾರ್ಸ್ ಗ್ಯಾಲಕ್ಸೀಸ್’ ಇದಕ್ಕೆ ಒಳ್ಳೆಯ ಉದಾಹರಣೆ. 2003ರಲ್ಲಿ ಈ ಗೇಮ್ ಬಂದಾಗ ‘ಜೆಡೈ’ ಎಂಬ ಯೋಧನ ಪಾತ್ರ ಬಹಳ ಕಷ್ಟಪಟ್ಟವರಿಗೆ ಮಾತ್ರ ಸಿಗುತ್ತಿತ್ತು. 2005ರ ನವೆಂಬರ್‌ನಲ್ಲಿ ನಿಯಮ ಬದಲಿಸಿ, ಆಟದ ಆರಂಭದಲ್ಲೇ ಯಾರು ಬೇಕಾದರೂ ಜೆಡೈ ಆಗಬಹುದು ಎಂದರು. ವರ್ಷಗಟ್ಟಲೆ ಆಡಿ ಗಳಿಸಿದ್ದವರು ಸಿಟ್ಟಾದರು, ಅನೇಕರು ಆಟವನ್ನೇ ಬಿಟ್ಟರು. 2008ರಲ್ಲಿ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ‘ಡೆತ್ ನೈಟ್’ ಪಾತ್ರವನ್ನು ತಂದಾಗ ಎರಡು ಷರತ್ತು ಹಾಕಿತು: ಮೊದಲು ಬೇರೊಂದು ಪಾತ್ರವನ್ನು 55ನೇ ಹಂತಕ್ಕೆ ಏರಿಸಿರಬೇಕು, ಒಂದು ಸರ್ವರ್‌ನಲ್ಲಿ ಒಬ್ಬರಿಗೆ ಒಂದೇ ಡೆತ್ ನೈಟ್.

ಇದು ಆಟದ ಸಮತೋಲನಕ್ಕಾಗಿ ಹಾಕಿದ ಮಿತಿ. ಇಂದಿನ ಅನೇಕ ಮೊಬೈಲ್ ಗೇಮ್‌ಗಳಲ್ಲಿ ಇನ್ನೊಂದು ಕಾರಣ ಸೇರಿಕೊಂಡಿದೆ: ದುಡ್ಡು. ಅಲ್ಲಿ ಪಾತ್ರವನ್ನು ಲಾಟರಿಯಂತೆ ಎತ್ತಬೇಕು, ಒಂದೊಂದು ಎತ್ತುವಿಕೆಗೂ ಬೆಲೆಯಿದೆ. ‘ಗೆನ್ಶಿನ್ ಇಂಪ್ಯಾಕ್ಟ್’ ಗೇಮ್‌ನಲ್ಲಿ ಐದು ನಕ್ಷತ್ರದ ಪಾತ್ರ ಸಿಗುವ ಮೂಲ ಸಾಧ್ಯತೆ ಶೇ. 0.6 ಮಾತ್ರ. 90 ಎತ್ತುವಿಕೆಯೊಳಗೆ ಒಂದು ಖಚಿತ, ಆದರೆ ಅದು ನೀವು ಬಯಸಿದ ಪಾತ್ರವೇ ಆಗಿರಬೇಕೆಂದಿಲ್ಲ.

ನಂಬಿಕೆ 1: “ನೂರು ಸಲ ಎತ್ತಿದರೆ ಒಮ್ಮೆ ಸಿಗಲೇಬೇಕು”

ತಪ್ಪು. ಸಾಧ್ಯತೆ ಶೇ. 1 ಇದೆ, ಖಚಿತವಾಗಿ ಕೊಡುವ ನಿಯಮ ಇಲ್ಲ ಎಂದುಕೊಳ್ಳಿ. ನೂರು ಮಕ್ಕಳು ತಲಾ ನೂರು ಸಲ ಎತ್ತಿದರೆ ಸುಮಾರು 63 ಮಕ್ಕಳಿಗೆ ಒಮ್ಮೆಯಾದರೂ ಸಿಗುತ್ತದೆ, 37 ಮಕ್ಕಳಿಗೆ ಸಿಗುವುದೇ ಇಲ್ಲ. ಇನ್ನೂರು ಸಲ ಎತ್ತಿದರೂ 13 ಮಕ್ಕಳು ಬರಿಗೈಯಲ್ಲೇ ಉಳಿಯುತ್ತಾರೆ. ಹಿಂದಿನ ಸೋಲನ್ನು ಸರ್ವರ್ ನೆನಪಿಟ್ಟುಕೊಳ್ಳುವುದಿಲ್ಲ. ನಾಣ್ಯ ಐದು ಸಲ ರಾಜ ಬಿದ್ದಿತೆಂದು ಆರನೇ ಸಲ ರಾಣಿ ಬೀಳಲೇಬೇಕೆಂದಿಲ್ಲ, ಇದೂ ಹಾಗೆಯೇ. “ಇನ್ನೊಂದೇ ಸಲ” ಎನ್ನುವಾಗ ಈ ಲೆಕ್ಕ ನೆನಪಿರಲಿ.

ಈ ಕಾರಣಕ್ಕೇ 2017ರಲ್ಲಿ ಚೀನಾ ಸಾಧ್ಯತೆಯ ಪ್ರಮಾಣವನ್ನು ಬಹಿರಂಗಪಡಿಸಬೇಕೆಂದು ಗೇಮ್ ಕಂಪನಿಗಳಿಗೆ ಹೇಳಿತು. 2018ರಲ್ಲಿ ಬೆಲ್ಜಿಯಂ, ದುಡ್ಡು ಕೊಟ್ಟು ಒಡೆಯುವ ಇಂಥ ಕೆಲವು ಪೆಟ್ಟಿಗೆಗಳನ್ನು ಜೂಜು ಎಂದೇ ಪರಿಗಣಿಸಿತು. ಆಪಲ್ ಮತ್ತು ಗೂಗಲ್ ಪ್ಲೇ ಸ್ಟೋರ್‌ಗಳ ನಿಯಮದ ಪ್ರಕಾರವೂ ಖರೀದಿಗೆ ಮುಂಚೆ ಈ ಪ್ರಮಾಣ ತೋರಿಸಬೇಕು. ಮಗುವಿನೊಂದಿಗೆ ಕುಳಿತು ಒಮ್ಮೆ ಅದನ್ನು ಹುಡುಕಿ ಓದಿ.

ನಂಬಿಕೆ 2: “ಲಿಂಕ್ ಅಥವಾ ಎಪಿಕೆ ಹಾಕಿದರೆ ಬೀಗ ತೆರೆಯುತ್ತದೆ”

ಆನ್‌ಲೈನ್ ಗೇಮ್‌ನಲ್ಲಿ ನಿಮ್ಮ ಬಳಿ ಯಾವ ಪಾತ್ರವಿದೆ ಎಂಬ ದಾಖಲೆ ಇರುವುದು ಕಂಪನಿಯ ಸರ್ವರ್‌ನಲ್ಲಿ. ಫೋನ್ ಅದನ್ನು ತೋರಿಸುತ್ತದೆ, ಅಷ್ಟೆ. ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ನಾವೇ ಒಂದು ಸೊನ್ನೆ ಸೇರಿಸಿದರೆ ಖಾತೆಯ ಹಣ ಹೆಚ್ಚುವುದಿಲ್ಲವಲ್ಲ!

ಕೆಲವು ಕಂಪನಿಗಳು ಉಚಿತ ಕೋಡ್ ಕೊಡುವುದು ನಿಜ. ಆದರೆ ಅವನ್ನು ಬಳಸಬೇಕಾದದ್ದು ಗೇಮ್‌ನ ಒಳಗೆ ಅಥವಾ ಅದರ ಅಧಿಕೃತ ತಾಣದಲ್ಲಿ ಮಾತ್ರ. ಕೋಡ್ ಬಳಸಲು ಒಟಿಪಿಯಾಗಲಿ ಯುಪಿಐ ಪಿನ್ ಆಗಲಿ ಬೇಕಿಲ್ಲ. ಯುಪಿಐ ಪಿನ್ ಹಾಕಿ ಒಪ್ಪಿದರೆ ಹಣ ನಿಮ್ಮ ಖಾತೆಯಿಂದ ಹೋಗುತ್ತದೆ. ಹಣ ಪಡೆಯಲು ಪಿನ್ ಬೇಡವೇ ಬೇಡ. ಇನ್ನು ವಾಟ್ಸ್‌ಆ್ಯಪ್‌ನಲ್ಲಿ ಬಂದ ಎಪಿಕೆ ಕಡತವನ್ನು ಇನ್‌ಸ್ಟಾಲ್ ಮಾಡಿದರೆ, ಅದು ನಿಮ್ಮ ಎಸ್ಎಂಎಸ್ ಓದುವ ಕಳ್ಳ ಆ್ಯಪ್ ಆಗಿರಬಹುದು.

ಈಗ ಮಾಡಬೇಕಾದದ್ದು

• ಪ್ಲೇ ಸ್ಟೋರ್‌ನ ಸೆಟ್ಟಿಂಗ್ಸ್‌ನಲ್ಲಿ ಪ್ರತಿ ಖರೀದಿಗೂ ದೃಢೀಕರಣ ಕೇಳುವಂತೆ ಇಡಿ.
• ಯುಪಿಐ ಪಿನ್ ಮಕ್ಕಳಿಗೆ ಗೊತ್ತಿರದಂತೆ ನೋಡಿಕೊಳ್ಳಿ.
• ಹಣ ಹೋಗಿದ್ದರೆ ತಕ್ಷಣ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ವಿಜಯಪುರದ ಸಿಇಎನ್ ಪೊಲೀಸ್ ಠಾಣೆಯಲ್ಲೂ ದೂರು ಕೊಡಬಹುದು. ತಡವಾದಷ್ಟೂ ಹಣವನ್ನು ತಡೆಹಿಡಿಯುವುದು ಕಷ್ಟ.
• ಮಗುವಿಗೆ ಬೈಯುವ ಮುಂಚೆ ನಡೆದದ್ದನ್ನು ಕೇಳಿ. ಬೈಗುಳದ ಹೆದರಿಕೆಗೆ ಮಕ್ಕಳು ಮುಚ್ಚಿಟ್ಟರೆ ನಷ್ಟ ಹೆಚ್ಚುತ್ತದೆ.

ನಮ್ಮ ತೀರ್ಮಾನ: ಪಾತ್ರ ಅಪರೂಪವಾಗಿರುವುದು ಕಂಪನಿ ಹಾಗೆ ಮಿತಿ ಹಾಕಿರುವುದರಿಂದ. ಆ ಮಿತಿಯನ್ನು ಯಾವ ಫಾರ್ವರ್ಡ್ ಕೂಡ ಮುರಿಯಲಾರದು. ಇಂಥ ಸಂದೇಶ ಬಂದರೆ ಹತ್ತು ಗ್ರೂಪಿಗೆ ಕಳಿಸಬೇಡಿ, ಅಲ್ಲೇ ಅಳಿಸಿಬಿಡಿ.