ಜಂಕ್ಷನ್: ಒಂದು ನೊಗದ ಚರಿತ್ರೆ

ಧಾರವಾಡದಿಂದ ಲೋಂಡಾ ಕಡೆಗೆ ಸಾಗುವ ರೈಲು ಮಾರ್ಗದಲ್ಲಿ ಅಳ್ನಾವರ ಒಂದು ಜಂಕ್ಷನ್. ದಾಂಡೇಲಿಯ ಹಳಿ ಇಲ್ಲಿಂದ ಕವಲೊಡೆಯುತ್ತದೆ. ದಿನನಿತ್ಯ ನಾವು ಆಡುವ, ಈಗ ಕನ್ನಡದ್ದೇ ಆಗಿಹೋಗಿರುವ ಈ ‘ಜಂಕ್ಷನ್’ ಪದದ ಹಿಂದೆ ಇರುವುದು ರೈಲಲ್ಲ, ಎತ್ತಿನ ನೊಗ!

ಲ್ಯಾಟಿನ್‌ನಲ್ಲಿ ‘ಯುಂಗೆರೆ’ ಎಂದರೆ ಜೋಡಿಸು, ನೊಗಕ್ಕೆ ಹೂಡು. ಅದರಿಂದ ಹುಟ್ಟಿದ ‘ಯುಂಕ್ತಿಯೊ’ ಇಂಗ್ಲಿಷಿಗೆ ಬಂದು ಜಂಕ್ಷನ್ ಆಯಿತು. 19ನೇ ಶತಮಾನದಲ್ಲಿ ರೈಲು ಹರಡಿದಾಗ ಹಳಿಗಳು ಕೂಡುವ ನಿಲ್ದಾಣಕ್ಕೆ ಈ ಹೆಸರು ಅಂಟಿಕೊಂಡಿತು. ಲ್ಯಾಟಿನ್‌ನಲ್ಲಿ ನೊಗಕ್ಕೆ ‘ಯುಗುಮ್’ ಎನ್ನುತ್ತಾರೆ. ಸಂಸ್ಕೃತದ ‘ಯುಗ’ಕ್ಕೂ ನೊಗವೆಂಬ ಅರ್ಥವಿದೆ. ಯೋಗ, ಸಂಯೋಗ, ಯುಕ್ತ ಎಲ್ಲವೂ ಇದೇ ಬಳಗದವು. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಒಂದೇ ಮೂಲದಿಂದ ಬಂದಿರಬೇಕೆಂದು ವಿಲಿಯಂ ಜೋನ್ಸ್ 1786ರಲ್ಲಿ ಕಲ್ಕತ್ತೆಯಲ್ಲಿ ಹೇಳಿದ್ದು ಇಂತಹ ಹೋಲಿಕೆಗಳನ್ನು ಕಂಡೇ.

ಕಥೆ ಅಲ್ಲಿಗೇ ಮುಗಿಯುವುದಿಲ್ಲ. ಒಂದೇ ನೊಗ ಹೊತ್ತ ಜೋಡಿಗೆ ಗ್ರೀಕರು ‘ಝೆಯುಗೋಸ್’ ಎಂದರು. ಅದು ಅರಮಾಯಿಕ್ ಭಾಷೆಯ ಮೂಲಕ ಅರಬಿಗೆ ಬಂದು ‘ಝೌಜ್’ ಆಯಿತೆಂದು ಭಾಷಾತಜ್ಞರು ಗುರುತಿಸಿದ್ದಾರೆ. ಝೌಜ್ ಎಂದರೆ ಜೋಡಿ, ಬಾಳಸಂಗಾತಿ. ಇದು ರಕ್ತಸಂಬಂಧವಲ್ಲ, ಎರವಲು. ಅರಬಿಯ ಬೇರುಗಳೇ ಬೇರೆ. ಆದರೂ ನಿಕಾಹ್‌ನ ಜೋಡಿಯೂ ರೈಲಿನ ಜಂಕ್ಷನ್ನೂ ದೂರದ ನೆಂಟರು!

ಇದೇ ಬೇರಿಗೆ ಕಹಿ ಮುಖವೂ ಇದೆ. ಸೋತ ಸೈನಿಕರನ್ನು ಈಟಿಗಳಿಂದ ಕಟ್ಟಿದ ನೊಗದಡಿ ಬಾಗಿಸಿ ನಡೆಸುವುದು ಪ್ರಾಚೀನ ಇಟಲಿಯ ಪದ್ಧತಿ. ಕ್ರಿ.ಪೂ. 321ರಲ್ಲಿ ಸ್ಯಾಮ್ನೈಟರು ರೋಮನರಿಗೇ ಈ ಅವಮಾನ ಉಣಿಸಿದರು. ಅಡಿಯಾಳಾಗಿಸು ಎಂಬರ್ಥದ ‘ಸಬ್ಜುಗೇಟ್’ ಪದದಲ್ಲಿರುವುದು ಅದೇ ನೊಗ.

ಅಳ್ನಾವರದ ಕವಲಿನಲ್ಲೂ ಈ ಎರಡು ಮುಖಗಳಿವೆ. ಬ್ರಿಟಿಷರ ಕಾಲದಲ್ಲಿ ಈ ಹಳಿ ಹಾಕಿದ್ದು ಮುಖ್ಯವಾಗಿ ದಾಂಡೇಲಿ ಕಾಡಿನ ಮರ ಸಾಗಿಸಲು. ಮುಂದೆ ವರ್ಷಗಟ್ಟಲೆ ಪ್ರಯಾಣಿಕರ ಗಾಡಿಯೇ ಇರಲಿಲ್ಲ. ಜನರ ಬಹುದಿನದ ಬೇಡಿಕೆಯ ಬಳಿಕ 2019ರ ನವೆಂಬರ್‌ನಲ್ಲಿ ಅದು ಮತ್ತೆ ಓಡಿತು. ಮರ ಸಾಗಿಸಲು ಹಳಿ ಕೂಡಿದಷ್ಟು ಬೇಗ ಮನುಷ್ಯರನ್ನು ಕೂಡಿಸಲು ಅದು ಒದಗಲಿಲ್ಲ.

ಜೋಡಣೆ ಎಂದಾಕ್ಷಣ ಎಲ್ಲವೂ ಒಳಿತಲ್ಲ. ನೊಗಕ್ಕೆ ಹೆಗಲು ಕೊಟ್ಟವರಾರು, ಫಸಲು ಒಯ್ದವರಾರು ಎಂದು ನಾವು ಕೇಳಲೇಬೇಕು. ಭಾರವನ್ನೂ ಫಲವನ್ನೂ ಸಮನಾಗಿ ಹಂಚಿಕೊಂಡಾಗಲಷ್ಟೇ ಅದು ಸಂಯೋಗ. ಇಲ್ಲವಾದರೆ ಅದು ಬರೀ ನೊಗ.