ಪಾಪ್ಲರ್‌ನ ಕಲ್ಲು ಒಡೆಯುವ ಅಂಗಳ

ದುಡಿಯುವ ತೋಳುಳ್ಳವನು ಹಸಿದಿದ್ದರೆ ಅದು ಅವನ ಸೋಮಾರಿತನದ ಫಲವೇ? ಇಂಗ್ಲೆಂಡಿನ 1834ರ ಬಡವರ ಕಾನೂನು ಬಹುಮಟ್ಟಿಗೆ ಹಾಗೆಂದೇ ಭಾವಿಸಿತ್ತು. ನೆರವು ಪಡೆಯುವವನ ಸ್ಥಿತಿಯು ಅತ್ಯಂತ ಬಡ ಕೂಲಿಕಾರನ ಸ್ಥಿತಿಗಿಂತಲೂ ಕೀಳಾಗಿರಬೇಕೆಂಬುದು ಅದರ ತಳಹದಿ.

ಪೂರ್ವ ಲಂಡನ್ನಿನ ಪಾಪ್ಲರ್ ಆಗ ಹಡಗುಕಟ್ಟೆಗಳ ಪ್ರದೇಶವಾಗಿತ್ತು. 1866ರಲ್ಲಿ ಓವರೆಂಡ್ ಗರ್ನಿ ಎಂಬ ಹಣಕಾಸು ಸಂಸ್ಥೆ ದಿವಾಳಿಯಾದ ಬಳಿಕ ಥೇಮ್ಸ್ ದಡದ ಹಡಗು ನಿರ್ಮಾಣ ಕುಸಿದು, ನುರಿತ ಕುಶಲಕರ್ಮಿಗಳೂ ಬೀದಿಗೆ ಬಿದ್ದರು. ಅವರಲ್ಲಿ ಸೋಮಾರಿಗಳೆಷ್ಟು ಮಂದಿ ಇದ್ದಿರಬಹುದೆಂದು ಓದುಗರೇ ಊಹಿಸಲಿ! ಅಧಿಕಾರಿಗಳ ಊಹೆ ಮಾತ್ರ ಬೇರೆಯಾಗಿತ್ತು. 1871ರಲ್ಲಿ ಪಾಪ್ಲರ್‌ನ ವರ್ಕ್‌ಹೌಸಿನಿಂದ ವೃದ್ಧರನ್ನೂ ರೋಗಿಗಳನ್ನೂ ಬೇರೆಡೆಗೆ ಸಾಗಿಸಿ, ಅದನ್ನು ಸದೃಢಕಾಯರಿಗಷ್ಟೇ ಮೀಸಲಿಟ್ಟರು. ಅಲ್ಲಿ ಗಂಡಸರು ಕಲ್ಲು ಒಡೆಯಬೇಕು, ಹಡಗಿನ ಹಳೆಯ ಹಗ್ಗಗಳನ್ನು ಬೆರಳುಗಳಿಂದ ಎಳೆಎಳೆಯಾಗಿ ಬಿಡಿಸಿ ನಾರು ತೆಗೆಯಬೇಕು. ಲಂಡನ್ನಿನ ಇತರ ಭಾಗಗಳವರೂ ತಮ್ಮಲ್ಲಿಗೆ ನೆರವು ಕೋರಿ ಬಂದವರನ್ನು ಇಲ್ಲಿಗೇ ಅಟ್ಟತೊಡಗಿದರು. ಪಾಪ್ಲರ್‌ಗೆ ತೆರಳುವ ಆದೇಶ ಪಡೆದವರಲ್ಲಿ ಅನೇಕರು ಅತ್ತ ಸುಳಿಯಲೇ ಇಲ್ಲ. ಹಾಸಿಗೆಗಳು ಖಾಲಿ ಉಳಿದದ್ದನ್ನೇ ಅಧಿಕಾರಿಗಳು ಯಶಸ್ಸೆಂದು ಎಣಿಸಿದರು. ಬಾರದವರು ಆ ರಾತ್ರಿ ಏನನ್ನು ಉಂಡರೆಂದು ವಿಚಾರಿಸುವುದು ಯಾರ ಹೊಣೆಯೂ ಆಗಿರಲಿಲ್ಲ.

1882ರ ಹೊತ್ತಿಗೆ ಈ ಪ್ರಯೋಗ ನಿಂತಿತು. ಬಾಲ್ಯದಲ್ಲಿ ಬಡತನದಿಂದಾಗಿ ಅದೇ ವರ್ಕ್‌ಹೌಸನ್ನು ಸೇರಿದ್ದ ವಿಲ್ ಕ್ರೂಕ್ಸ್ ಎಂಬವರು ಮುಂದೆ ಅದರ ಆಡಳಿತ ಮಂಡಳಿಯ ಅಧ್ಯಕ್ಷರಾದರು.